ಜಂಟಿ ಗೋಡೆಯ ಆಚೆ ಈಚೆ: ನ್ಯೂಯಾರ್ಕಿನ ಮನೆಗಳಲ್ಲಿ ಜಿರಳೆ ನಿಯಂತ್ರಣದ ಚರಿತ್ರೆ

ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳ ಪೈಕಿ ಒಂದರಲ್ಲಿ ಜಿರಳೆ ಹೆಚ್ಚಿದರೆ ಇನ್ನೊಂದು ಮನೆಯವರು ಎಷ್ಟೇ ಗುಡಿಸಿ ಸಾರಿಸಿದರೂ ಅದರಿಂದ ಪಾರಾಗುವುದು ಕಷ್ಟವೆಂಬುದು ಇಂದು ಕೀಟಶಾಸ್ತ್ರಜ್ಞರೆಲ್ಲರೂ ಒಪ್ಪುವ ಮಾತು. ಆದರೆ ಈ ಮಾತು ಸಿದ್ಧಪಡಲು ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಿಂದಲೂ ಒತ್ತೊತ್ತಾಗಿ ಮನೆಗಳನ್ನು ಕಟ್ಟಿಕೊಂಡು ಬಂದ ನ್ಯೂಯಾರ್ಕ್ ನಗರದ ಚರಿತ್ರೆಯನ್ನು ನೋಡಿದರೆ, ಜಿರಳೆಯನ್ನು ಆಯಾ ಒಕ್ಕಲಿನ ಶುಚಿತ್ವದ ಕೊರತೆಯೆಂದು ಬಗೆದು ಮನೆಮನೆಗೂ ಬೇರೆಬೇರೆಯಾಗಿ ವಿಷ ಹಾಕುತ್ತಿದ್ದ ಪದ್ಧತಿ ನೂರು ವರ್ಷಕ್ಕೂ ಮಿಕ್ಕಿ ನಡೆದು, ಕಟ್ಟಡವನ್ನೇ ಒಂದು ಘಟಕವೆಂದು ಕಾಣುವ ದೃಷ್ಟಿ ಬಹಳ ತಡವಾಗಿ ಬೇರೂರಿದ್ದು ತಿಳಿಯುತ್ತದೆ.

ಈ ಚರಿತ್ರೆಯ ಕೇಂದ್ರದಲ್ಲಿರುವುದು ಜರ್ಮನ್ ಜಿರಳೆಯೆಂದು ಹೆಸರಾದ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ, ತಿಳಿಗಂದು ಬಣ್ಣದ ಸಣ್ಣ ಕೀಟ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1767ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟನಾದರೂ ಅದರ ಮೂಲ ಜರ್ಮನಿಯಲ್ಲಿಲ್ಲ. 17 ದೇಶಗಳ ಜಿರಳೆಗಳ ವಂಶವಾಹಿಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದಲ್ಲಿ ಏಷ್ಯಾದ ಕಾಡುಜಿರಳೆಯಿಂದ ಕವಲೊಡೆದು, ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದತ್ತ ಸಾಗಿ, ಮುಂದೆ ಯುರೋಪನ್ನು ಸೇರಿ, ಅಲ್ಲಿಂದ ಹಡಗುಗಳ ಮೂಲಕ ಲೋಕವೆಲ್ಲ ಹಬ್ಬಿತು. ಅದು ಮನುಷ್ಯನ ಕಟ್ಟಡಗಳ ಹೊರಗೆ ನೆಲೆಗೊಳ್ಳುವುದಿಲ್ಲ. ಬೆಚ್ಚಗಿನ, ತೇವವಿರುವ, ಮೈಗೆ ಎರಡೂ ಕಡೆ ತಾಗುವಷ್ಟು ಇಕ್ಕಟ್ಟಾದ ಸಂದುಗಳನ್ನು ಅದು ಅರಸುತ್ತದೆ. ಹೆಣ್ಣು ಜಿರಳೆ 30ರಿಂದ 40 ಮೊಟ್ಟೆಗಳ ಕೋಶವನ್ನು ಅವು ಒಡೆಯುವ ಹೊತ್ತಿನವರೆಗೂ ಮೈಗೆ ಅಂಟಿಸಿಕೊಂಡೇ ತಿರುಗುವುದರಿಂದ, ಬೆದರಿ ಗೋಡೆ ದಾಟಿದ ಒಂದೇ ಒಂದು ಹೆಣ್ಣು ಪಕ್ಕದ ಮನೆಯಲ್ಲಿ ಹೊಸ ಸಂತತಿಯನ್ನು ನೆಲೆಗೊಳಿಸಬಲ್ಲದು.

ನ್ಯೂಯಾರ್ಕಿನಲ್ಲಿ ಈ ಕೀಟ ಜನರ ಕಣ್ಣಿಗೆ ಬಿದ್ದದ್ದು ಕೊಳಾಯಿ ನೀರಿನ ಜೊತೆಯಲ್ಲಿ. ಉತ್ತರದ ಕ್ರೋಟನ್ ನದಿಗೆ ಅಣೆಕಟ್ಟು ಕಟ್ಟಿ ಸುಮಾರು 41 ಮೈಲಿ ಉದ್ದದ ಕಾಲುವೆಯಿಂದ ನಗರಕ್ಕೆ ನೀರು ತರುವ ವ್ಯವಸ್ಥೆ 1842ರಲ್ಲಿ ಆರಂಭವಾದ ಮೇಲೆ ಮನೆಗಳಲ್ಲಿ ಈ ಜಿರಳೆ ಎದ್ದು ಕಾಣತೊಡಗಿದ್ದರಿಂದ ಜನ ಅದನ್ನು ಕ್ರೋಟನ್ ಹುಳುವೆಂದೇ ಕರೆದರು. ಅಮೆರಿಕದ ಕೃಷಿ ಇಲಾಖೆಯ ಕೀಟಶಾಸ್ತ್ರಜ್ಞ ಚಾರ್ಲ್ಸ್ ಮಾರ್ಲಟ್ ಇದನ್ನು ವಿವರಿಸುತ್ತಾ, ಕೀಟ ಅದಕ್ಕೂ ಮೊದಲೇ ಊರಿಗೆ ಬಂದಿದ್ದಿರಬೇಕೆಂದೂ, ನೀರಿನ ಕೊಳವೆಗಳು ಮನೆಗಳೊಳಕ್ಕೆ ದಾರಿಯನ್ನೂ ತೇವವನ್ನೂ ಒದಗಿಸಿದ್ದರಿಂದ ಅದು ಅಪಾರವಾಗಿ ಹೆಚ್ಚಿತೆಂದೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬರೆದನು. ಹರಡುವಿಕೆಯ ದಾರಿ ಕೊಳವೆಯೆಂಬ ಈ ತಿಳಿವಳಿಕೆ ಅಷ್ಟು ಹಿಂದೆಯೇ ಇದ್ದರೂ ನಿಯಂತ್ರಣದ ಕ್ರಮಗಳು ಮಾತ್ರ ಅದನ್ನು ಅನುಸರಿಸಲಿಲ್ಲ.

ಅಂದಿನ ಕಟ್ಟಡಗಳು ಎರಡು ಬಗೆಯವು. ಉಳ್ಳವರು ಸಾಲುಮನೆಗಳಲ್ಲಿ, ಅಂದರೆ ಅಕ್ಕಪಕ್ಕದ ಎರಡು ನಿವೇಶನಗಳಿಗೂ ಸೇರಿದ ಜಂಟಿ ಗೋಡೆಯನ್ನು ಹಂಚಿಕೊಂಡ ಮನೆಗಳಲ್ಲಿ ಇರುತ್ತಿದ್ದರು. ಎರಡೂ ಮನೆಗಳ ಅಂತಸ್ತುಗಳ ತೊಲೆಗಳ ತುದಿಗಳು ಆ ಒಂದೇ ಗೋಡೆಯ ಗೂಡುಗಳಲ್ಲಿ ಕೂರುತ್ತಿದ್ದುದರಿಂದ ಹೊರಗೆ ಗಟ್ಟಿಯಾಗಿ ಕಾಣುವ ಇಟ್ಟಿಗೆ ಗೋಡೆಯೊಳಗೂ ಸಂದುಗಳಿಗೆ ಕೊರತೆ ಇರಲಿಲ್ಲ. ವಲಸೆ ಬಂದ ಬಡವರು ಟೆನೆಮೆಂಟುಗಳಲ್ಲಿ, ಬೆಂಗಳೂರಿನ ವಠಾರವನ್ನು ಐದಾರು ಅಂತಸ್ತು ಮೇಲಕ್ಕೆ ಎತ್ತಿದಂತಿದ್ದ ಬಾಡಿಗೆ ಕಟ್ಟಡಗಳಲ್ಲಿ, ತುಂಬಿಕೊಂಡಿದ್ದರು. 1879ರ ಶಾಸನ ಅವುಗಳಿಗೆ ಗಾಳಿ ಬೆಳಕು ದೊರೆಯಲೆಂದು ಎರಡು ಕಟ್ಟಡಗಳ ನಡುವೆ ಕಿರಿದಾದ ಗಾಳಿಕಂಡಿಗೆ ಎಡೆಮಾಡಿತಾದರೂ ಬಾಡಿಗೆದಾರರು ಕಿಟಕಿಗಳಿಂದ ಕಸ ಸುರಿಯುತ್ತಿದ್ದರಿಂದ ಆ ಕಂಡಿ ಕೀಟಗಳಿಗೆ ಉಗ್ರಾಣವಾಯಿತು. 1901ರ ಶಾಸನ ಹೊಸ ಕಟ್ಟಡಗಳ ಪ್ರತಿ ಬಿಡಾರಕ್ಕೂ ಸ್ವಂತ ಶೌಚಾಲಯ ಇರಬೇಕೆಂದು ವಿಧಿಸಿತು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಇದು ದೊಡ್ಡ ಸುಧಾರಣೆ. ಆದರೆ ಪ್ರತಿ ಬಿಡಾರಕ್ಕೂ ಗೋಡೆ ಕೊರೆದು ಕೊಳವೆ ತರಬೇಕಾದುದರಿಂದ, ಕೊಳವೆಯ ಸುತ್ತ ಉಳಿದ ತೂತುಗಳ ಮೂಲಕ ಮೇಲಿನ, ಕೆಳಗಿನ ಹಾಗೂ ಬೆನ್ನಿಗೆ ಬೆನ್ನಾದ ಅಡುಗೆಮನೆಗಳಿಗೆ ಒಳದಾರಿಗಳೂ ಹೆಚ್ಚಿದವು.

ಇಂಥ ಮನೆಗಳಲ್ಲಿ ಬಳಕೆಯಾಗುತ್ತಿದ್ದ ಮದ್ದುಗಳು ಬಹುಮಟ್ಟಿಗೆ ಪುಡಿಗಳು. ಸೇವಂತಿಗೆಯ ಜಾತಿಯ ಹೂವನ್ನು ಒಣಗಿಸಿ ಅರೆದ ಪೈರೆಥ್ರಮ್, ಬಿಳಿಗಾರ ಅಂದರೆ ಬೋರಾಕ್ಸ್, ರಂಜಕದ ಲೇಪ ಇವೆಲ್ಲ ಹತ್ತೊಂಬತ್ತನೆಯ ಶತಮಾನದವು; ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೋಡಿಯಂ ಫ್ಲೋರೈಡ್ ಎಂಬ ಬಿಳಿಯ ಪುಡಿ ಮುಂದೆ ಬಂದಿತು. ಅದು ಹಿಟ್ಟಿನಂತೆ ಕಾಣುತ್ತಿದ್ದುದೇ ದೊಡ್ಡ ಅಪಾಯವಾಗಿತ್ತು. ಖಂಡದ ಇನ್ನೊಂದು ತುದಿಯಲ್ಲಿರುವ ಆರೆಗಾನ್ ರಾಜ್ಯದ ಸೇಲಂ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ 1942ರ ನವೆಂಬರಿನಲ್ಲಿ ಜಿರಳೆಯ ಪುಡಿಯನ್ನು ಹಾಲಿನ ಪುಡಿಯೆಂದು ತಿಳಿದು ಮೊಟ್ಟೆಯ ಅಡುಗೆಗೆ ಬೆರೆಸಿದ್ದರಿಂದ 47 ಜನ ಸತ್ತರು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಮತ್ತು ಕ್ಲೋರ್ಡೇನ್‌ಗಳಂಥ ಸಂಶ್ಲೇಷಿತ ಕೀಟನಾಶಕಗಳು ಬಂದು, ತಿಂಗಳಿಗೊಮ್ಮೆ ಸಿಂಪಡಿಸುವವನು ಬಂದು ಅಡುಗೆಮನೆಯ ಅಂಚುಗಳಿಗೆ ಔಷಧಿ ಹೊಡೆದು ಹೋಗುವ ಪದ್ಧತಿ ಬಾಡಿಗೆ ಕಟ್ಟಡಗಳಲ್ಲಿ ರೂಢಿಯಾಯಿತು. 1950ರ ದಶಕದ ಆರಂಭದಲ್ಲಿಯೇ ಟೆಕ್ಸಾಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿಯಲ್ಲಿ ಕ್ಲೋರ್ಡೇನ್‌ಗೆ ಜಗ್ಗದ ಜಿರಳೆಗಳು ಕಂಡುಬಂದವು. ಆಮೇಲೆ ಬಂದ ರಾಸಾಯನಿಕಗಳಿಗೂ ಒಂದೊಂದಾಗಿ ಇದೇ ಗತಿಯಾಯಿತು. ಜಂಟಿ ಗೋಡೆಯ ಮನೆಗಳಲ್ಲಿ ಸಿಂಪಡಣೆಗೆ ಇನ್ನೊಂದು ಕೊರತೆಯೂ ಇದ್ದಿತು. ಪೈರೆಥ್ರಮ್ಮೂ ಅದರ ಮಾದರಿಯಲ್ಲಿ ತಯಾರಾದ ಪೈರೆಥ್ರಾಯ್ಡುಗಳೂ ಕೊಲ್ಲುವುದರ ಜೊತೆಗೆ ಜಿರಳೆಗಳನ್ನು ಬೆದರಿಸಿ ಅಡಗುತಾಣದಿಂದ ಓಡಿಸುವುದರಿಂದ, ಒಂದು ಮನೆಯಲ್ಲಿ ಹೊಡೆದ ಔಷಧಿ ಪಕ್ಕದ ಮನೆಗೆ ಜಿರಳೆಗಳನ್ನು ಅಟ್ಟಬಲ್ಲದಾಗಿತ್ತು. ಔಷಧಿಯ ಕಾವು ಇಳಿದ ಮೇಲೆ ಅವು ಮರಳುವುದಕ್ಕೂ ಅದೇ ಸಂದುಗಳು ತೆರೆದಿದ್ದವು.

ಈ ಓಡಾಟಕ್ಕೆ ಅಳತೆಯ ಆಧಾರ ದೊರೆತದ್ದು 1980ರ ದಶಕದಲ್ಲಿ. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಓವೆನ್ಸ್ ಮತ್ತು ಬೆನೆಟ್, ಬಿಡಾರಗಳಲ್ಲಿ ಹಿಡಿದ ಜಿರಳೆಗಳಿಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿದು, ಅವು ಒಂದು ಬಿಡಾರದಿಂದ ಇನ್ನೊಂದಕ್ಕೆ ಹೋಗುತ್ತವೆಂದೂ, ಕೊಳವೆ ವ್ಯವಸ್ಥೆಯನ್ನು ಹಂಚಿಕೊಂಡ ಬಿಡಾರಗಳ ನಡುವೆ ಈ ಓಡಾಟ ವಿಶೇಷವಾಗಿ ಹೆಚ್ಚೆಂದೂ 1982ರಲ್ಲಿ ತೋರಿಸಿಕೊಟ್ಟರು. ಮಾರ್ಲಟ್ ಊಹಿಸಿದ್ದ ಕೊಳವೆಯ ದಾರಿಗೆ ಹೀಗೆ ಪ್ರಯೋಗದ ಬೆಂಬಲ ಸಿಕ್ಕಿತು.

ಅದೇ ದಶಕದಲ್ಲಿ ಹೈಡ್ರಾಮಿಥೈಲ್ನಾನ್ ಎಂಬ ನಿಧಾನ ವಿಷವನ್ನು ತಿಂಡಿಯೊಡನೆ ಬೆರೆಸಿ ಡಬ್ಬಿಯಲ್ಲಿಡುವ ಆಮಿಷಗಳು, ಮುಂದೆ ಸಿರಿಂಜಿನಿಂದ ಸಂದುಗಳಿಗೆ ಹನಿ ಹನಿಯಾಗಿ ಇಡುವ ಜೆಲ್‌ಗಳು ಬಂದವು. ಇವು ಜಿರಳೆಯನ್ನು ಓಡಿಸದೆ ಸೆಳೆಯುತ್ತವೆ. ವಿಷ ತಿಂದು ಅಡಗುತಾಣಕ್ಕೆ ಮರಳಿದ ಜಿರಳೆಯ ಹಿಕ್ಕೆಯನ್ನು ಮರಿಗಳು ತಿನ್ನುವುದರಿಂದ ಗೋಡೆಯೊಳಗಿನ ಗುಂಪಿಗೂ ವಿಷ ಮುಟ್ಟುತ್ತದೆ. ಆದರೂ ಜಿರಳೆ ಇದಕ್ಕೂ ಪ್ರತಿಯಾಗಿ ಬದಲಾಯಿತು. ಆಮಿಷದಲ್ಲಿದ್ದ ಗ್ಲುಕೋಸನ್ನೇ ತೊರೆಯುವ ಜಿರಳೆಗಳನ್ನು ಜೂಲ್ಸ್ ಸಿಲ್ವರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದರು. ಅಂಥವುಗಳಲ್ಲಿ ಗ್ಲುಕೋಸು ಕಹಿಯನ್ನು ಗ್ರಹಿಸುವ ನರಕೋಶಗಳನ್ನೂ ಕೆರಳಿಸುತ್ತದೆಂಬುದು 2013ರಲ್ಲಿ ಸ್ಪಷ್ಟವಾಯಿತು.

ಜಿರಳೆ ಬರಿಯ ಅಸಹ್ಯದ ವಿಷಯವಲ್ಲವೆಂಬುದು ಇಷ್ಟರಲ್ಲಿ ಸ್ಥಿರಪಟ್ಟಿತ್ತು. ಅದರ ಹಿಕ್ಕೆ ಮತ್ತು ಮೈಯ ಚೂರುಗಳು ಧೂಳಿನಲ್ಲಿ ಬೆರೆತು ಒಗ್ಗದಿಕೆಯನ್ನು, ಅಂದರೆ ಅಲರ್ಜಿಯನ್ನು, ಉಂಟುಮಾಡುತ್ತವೆ. ಅಮೆರಿಕದ ನಗರಗಳ ಒಳಭಾಗದ 476 ಅಸ್ತಮಾ ಪೀಡಿತ ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 36.8ರಷ್ಟು ಮಕ್ಕಳಿಗೆ ಜಿರಳೆಯ ಅಲರ್ಜಿ ಇದ್ದಿತು. ಮದ್ದಿನಿಂದಲೂ ಹಾನಿಯ ಶಂಕೆ ಎದ್ದಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಯಾರ್ಕಿನ 314 ಗರ್ಭಿಣಿಯರನ್ನು ವಿಚಾರಿಸಿದಾಗ ಶೇ. 85ರಷ್ಟು ಮಂದಿಯ ಮನೆಗಳಲ್ಲಿ ಕೀಟ ನಿಯಂತ್ರಣದ ಕ್ರಮಗಳು ನಡೆದಿದ್ದವು. ಮನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು ಗೃಹಬಳಕೆಯಿಂದ ಹಿಂದೆಗೆದುಕೊಳ್ಳುವ ಒಪ್ಪಂದವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಯಾರಕರೊಡನೆ 2000ದಲ್ಲಿ ಮಾಡಿಕೊಂಡಿತು.

ಈ ಎರಡು ಒತ್ತಡಗಳ ನಡುವೆ ಮುಂದೆ ಬಂದದ್ದು ಸಮಗ್ರ ಕೀಟ ನಿರ್ವಹಣೆ. ಅಂಟುಬಲೆಗಳಿಂದ ಜಿರಳೆಯ ನೆಲೆಯನ್ನು ಪತ್ತೆ ಮಾಡುವುದು, ನೀರಿನ ಸೋರಿಕೆ ನಿಲ್ಲಿಸುವುದು, ಕೊಳವೆಗಳ ಸುತ್ತಲಿನ ತೂತುಗಳನ್ನು ಮುಚ್ಚುವುದು, ಜೆಲ್ ಮತ್ತು ಬೋರಿಕ್ ಆಮ್ಲವನ್ನು ಬೇಕಾದಲ್ಲಿ ಮಾತ್ರ ಇಡುವುದು ಇದರ ಕ್ರಮ. ನ್ಯೂಯಾರ್ಕಿನ ಸಾರ್ವಜನಿಕ ವಸತಿ ಕಟ್ಟಡಗಳಲ್ಲಿ ನಡೆಸಿದ ಇಂಥ ಪ್ರಯೋಗದಲ್ಲಿ, ವಾಡಿಕೆಯ ಸಿಂಪಡಣೆಗೆ ಬಿಟ್ಟ ಬಿಡಾರಗಳಿಗಿಂತ ಜಿರಳೆಗಳೂ ಅವುಗಳ ಅಲರ್ಜಿಕಾರಕಗಳೂ ಆರು ತಿಂಗಳ ನಂತರವೂ ಕಡಿಮೆಯಿದ್ದವೆಂದು 2009ರಲ್ಲಿ ವರದಿಯಾಯಿತು.

ಕಾನೂನು ಕೂಡ ಸರಿಸುಮಾರು ಇದೇ ದಾರಿಯಲ್ಲಿ ನಡೆಯಿತು. ಬಾಡಿಗೆಗೆ ಕೊಟ್ಟ ಮನೆ ವಾಸಕ್ಕೆ ಯೋಗ್ಯವಾಗಿರಬೇಕೆಂಬ ಭರವಸೆಯನ್ನು ನ್ಯೂಯಾರ್ಕ್ ರಾಜ್ಯ 1975ರಲ್ಲಿ ಶಾಸನಬದ್ಧಗೊಳಿಸಿತು. ಮೂರು ಅಥವಾ ಹೆಚ್ಚು ಬಿಡಾರಗಳಿರುವ ಕಟ್ಟಡಗಳ ಮಾಲೀಕರು ವರ್ಷಕ್ಕೊಮ್ಮೆ ಪರಿಶೀಲಿಸಿ, ಸಂದುಗಳನ್ನು ಮುಚ್ಚಿ, ಸಮಗ್ರ ವಿಧಾನದಿಂದಲೇ ಜಿರಳೆಯಂಥ ಅಲರ್ಜಿಕಾರಕಗಳನ್ನು ನಿವಾರಿಸಬೇಕೆಂದು ನಗರದ 2018ರ 55ನೆಯ ಸ್ಥಳೀಯ ಕಾನೂನು ವಿಧಿಸಿತು. ಇದರಿಂದ ಹೊಣೆ ಅಡುಗೆಮನೆಯ ಗೃಹಿಣಿಯಿಂದ ಕಟ್ಟಡದ ಮಾಲೀಕನಿಗೆ ವರ್ಗವಾಯಿತು.

ಆದರೆ ಬ್ರೂಕ್ಲಿನ್ ಮತ್ತು ಕ್ವೀನ್ಸ್ ಭಾಗಗಳ ಸಾಲುಮನೆಗಳಲ್ಲಿ ಜಂಟಿ ಗೋಡೆಯ ಎರಡೂ ಕಡೆ ಬೇರೆಬೇರೆ ಮಾಲೀಕರಿರುವುದರಿಂದ ಇಡೀ ಸಾಲಿಗೆ ಹೊಣೆಗಾರನಾಗಬಲ್ಲ ಒಬ್ಬ ಯಜಮಾನನಿಲ್ಲ. ಅಲ್ಲಿ ಒಬ್ಬರು ತಮ್ಮ ಕಡೆಯ ತೂತುಗಳನ್ನು ಮುಚ್ಚಿ, ಬೆದರಿಸುವ ಸಿಂಪಡಣೆಯನ್ನು ಬಿಟ್ಟು ಆಮಿಷವನ್ನಿಟ್ಟರೆ ಬರುವ ಜಿರಳೆಗಳು ಕಡಿಮೆಯಾಗುತ್ತವೆ, ಮೂಲ ಉಳಿಯುತ್ತದೆ. ಎರಡೂ ಮನೆಯವರು ಮಾತಾಡಿಕೊಂಡು ಒಂದೇ ಕಾಲಕ್ಕೆ ಬಲೆ ಮತ್ತು ಆಮಿಷಗಳನ್ನಿಟ್ಟರೆ ಮಾತ್ರ ಮೂಲಕ್ಕೆ ಕೈ ಹೋಗುತ್ತದೆ. ಬಾಡಿಗೆ ಕಟ್ಟಡದಲ್ಲಿ ಶಾಸನ ಮಾಡಿಸುವ ಕೆಲಸವನ್ನು ಸಾಲುಮನೆಯಲ್ಲಿ ನೆರೆಹೊರೆಯವರ ಒಪ್ಪಂದವೇ ಮಾಡಬೇಕಾಗಿದ್ದು, ಪಕ್ಕದ ಮನೆಯವರನ್ನು ಕೊಳಕರೆಂದು ದೂಷಿಸುವ ಹಳೆಯ ರೂಢಿ ಅಂಥ ಒಪ್ಪಂದಕ್ಕೆ ಇಂದಿಗೂ ದೊಡ್ಡ ಅಡ್ಡಿಯಾಗಿದೆ.