ತೋಟದ ಸಾಲುಗಳ ನಡುವೆ ಧಾನ್ಯ: ಬೇವೂರು ಸೀಮೆಯ ಕೃಷಿ ಚರಿತ್ರೆ

ಹಣ್ಣಿನ ಗಿಡಗಳ ಸಾಲುಗಳ ನಡುವೆ ಉಳಿಯುವ ನೆಲದಲ್ಲಿ ಜೋಳ, ಸಜ್ಜೆ, ನವಣೆ, ಗೋವಿನಜೋಳ ಬಿತ್ತಿ ಬೆಳೆಯುವ ಪದ್ಧತಿಯನ್ನು ಕೃಷಿ ವಿಜ್ಞಾನ ಇಂದು ಕೃಷಿ ಅರಣ್ಯದ ಒಂದು ಕವಲಾಗಿ ಎಣಿಸುತ್ತದೆ. ಬಾಗಲಕೋಟೆ ತಾಲೂಕಿನ ಬೇವೂರು ಹಾಗೂ ಸುತ್ತಲಿನ ಬಾದಾಮಿ, ಹುನಗುಂದ, ಇಳಕಲ್ಲ ತಾಲೂಕುಗಳಲ್ಲಿ ಇದರ ಚರಿತ್ರೆ ಒಂದು ಸರಳ ಪ್ರಶ್ನೆಯ ಸುತ್ತ ಬೆಳೆದಿದೆ. ನೆಟ್ಟ ಗಿಡ ಫಲಕ್ಕೆ ಬರುವವರೆಗೆ ಮನೆಮಂದಿ ಉಣ್ಣುವುದೇನು, ದನ ಮೇಯುವುದೇನು?

ಈ ಸೀಮೆ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ್ದು. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದೂ ನಂಬಿಕೆಗೆ ಬಾರದ್ದು. ಹುನಗುಂದದ ಕಡೆ ಎರೆ ಭೂಮಿ ಹೆಚ್ಚು. ಬಾದಾಮಿ, ಗುಳೇದಗುಡ್ಡದ ಮರಳುಗಲ್ಲಿನ ಗುಡ್ಡಗಳ ಬುಡಕ್ಕೆ ಮಸಾರಿ. ತೋಟದೊಳಗೆ ಧಾನ್ಯ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಈ ಎರಡು ಮಣ್ಣುಗಳೇ ತೀರ್ಮಾನಿಸಿವೆ.

ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ತೆನೆ ಕಟ್ಟಬೇಕು. ಬೇಸಿಗೆ ದಾಟಲು ಎಳೆಯ ಮಾವಿನ ಸಸಿಗೂ ಬೇಕಾದದ್ದು ಅದೇ ಹಸಿ. ಹೀಗಾಗಿ ಎರೆಯಲ್ಲಿ ಜೋಳ ಮತ್ತು ಸಸಿ ಒಂದೇ ಊಟೆಗೆ ಪೈಪೋಟಿ ಮಾಡುತ್ತವೆ, ಸೋಲುವುದು ಸಸಿ. ಮಸಾರಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಸಜ್ಜೆ, ನವಣೆ ಮುಂಗಾರಿ ಬೆಳೆಗಳು. ಮೂರು ತಿಂಗಳ ಹೊತ್ತಿಗೆ ಕೊಯ್ಲಿಗೆ ಬಂದು, ಮುಂಗಾರಿಯ ನೀರನ್ನಷ್ಟೇ ಕುಡಿದು ಹೋಗುತ್ತವೆ. ಹಿಂಗಾರಿ ಮಳೆ ಗಿಡಗಳ ಪಾಲಿಗೆ ಉಳಿಯುತ್ತದೆ. ತೋಟದ ಧಾನ್ಯವೆಂದರೆ ಮುಂಗಾರಿಯ ಕಿರು ಅವಧಿಯ ಬೆಳೆಯೇ ಆಗಿರಬೇಕೆಂಬ ಒಕ್ಕಲಿಗರ ಎಣಿಕೆಗೆ ಆಧಾರ ಇಲ್ಲಿದೆ.

ಪದ್ಧತಿ ಈ ನೆಲದ್ದು ಮಾತ್ರವಲ್ಲ. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ, ಉತ್ತರ ಆಫ್ರಿಕದ ಟಕಾಪೆ ಎಂಬ ಮರುಧಾಮವನ್ನು ಬಣ್ಣಿಸಿದ್ದಾನೆ. ಅದು ಇಂದಿನ ಟುನೀಸಿಯದ ಗಾಬೆಸ್. ಅಲ್ಲಿ ಖರ್ಜೂರದ ಕೆಳಗೆ ಆಲಿವ್, ಅದರ ಕೆಳಗೆ ಅಂಜೂರ, ಅಂಜೂರದ ಕೆಳಗೆ ದಾಳಿಂಬೆ, ಅದರಡಿ ದ್ರಾಕ್ಷಿ, ದ್ರಾಕ್ಷಿಯ ಬುಡದಲ್ಲಿ ಗೋಧಿ. ಅದೇ ಕಾಲದ ಕೊಲುಮೆಲ್ಲ, ಬಳ್ಳಿ ಹಬ್ಬಿಸುವ ಮರಗಳ ನಡುವೆ ಧಾನ್ಯ ಬಿತ್ತುವುದಿದ್ದರೆ 40 ಅಡಿ, ಇಲ್ಲವಾದರೆ 20 ಅಡಿ ಅಂತರ ಸಾಕೆಂದು ಬರೆದ. ಧಾನ್ಯಕ್ಕಾಗಿ ಸಾಲಿನ ಅಂತರವನ್ನು ಇಮ್ಮಡಿ ಮಾಡುವ ಈ ಲೆಕ್ಕ ಇಂದಿಗೂ ಹಳತಾಗಿಲ್ಲ.

ಕನ್ನಡ ನಾಡಿನಲ್ಲಿ ತೋಟದ ವಿದ್ಯೆ ಗ್ರಂಥಸ್ಥವಾದದ್ದು ಬೇಗ. ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಕಂಡುಹಿಡಿಯುವ ವಿದ್ಯೆಗೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಜಾಗವಿದೆ. ಆ ಕಾಲದ ದಾನಶಾಸನಗಳು ಮಾತ್ರ ತೋಂಟವನ್ನೂ ಹೊಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತವೆ. ನೀರಿದ್ದಲ್ಲಿ ತೋಟ, ಮಳೆ ನಂಬಿದಲ್ಲಿ ಹೊಲ. ಬಾದಾಮಿ ಬಳಿಯ ಚೊಳಚಗುಡ್ಡದ ಬನಶಂಕರಿಯ ಸುತ್ತ ತೆಂಗು, ಬಾಳೆ, ವೀಳ್ಯದೆಲೆಯ ತೋಟಗಳು ಬೆಳೆದದ್ದು ನೀರಿನಾಸರೆ ಇದ್ದುದರಿಂದಲೇ. ಅಂಥ ದಟ್ಟ ನೆರಳಿನಲ್ಲಿ ಧಾನ್ಯಕ್ಕೆ ಎಡೆಯಿಲ್ಲ.

ಈ ವಿಂಗಡಣೆಯನ್ನು ಬ್ರಿಟಿಷರ ಕಂದಾಯ ಮೋಜಣಿ ಇನ್ನಷ್ಟು ಗಟ್ಟಿ ಮಾಡಿತು. 1835–36ರಲ್ಲಿ ಪುಣೆ ಬಳಿಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಮೋಜಣಿ ಮುಂದೆ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೂ ಬಂತು. ಜಮೀನು ಜಿರಾಯತು (ಮಳೆಯ ಹೊಲ), ತರಿ (ಗದ್ದೆ), ಬಾಗಾಯತು (ತೋಟ) ಎಂದು ಮೂರಾಯಿತು. ಬಾಗಾಯತಿಗೆ ಕಂದಾಯದ ಆಕಾರ ಹೆಚ್ಚು. ಒಂದು ಪಟ್ಟಿಯಲ್ಲಿ ಮಾವು, ಅದರ ಪಕ್ಕದ ಪಟ್ಟಿಯಲ್ಲಿ ಸಜ್ಜೆ ಇರುವ ಹೊಲ ಯಾವ ಕಾಲಮಿಗೆ ಸೇರಬೇಕು? ಆ ಮೂರರೊಳಗೆ ಅದಕ್ಕೊಂದು ಹೆಸರಿರಲಿಲ್ಲ. ಈ ಪದ್ಧತಿಯ ಚರಿತ್ರೆ ದಫ್ತರಗಳಲ್ಲಿ ತೆಳುವಾಗಿರುವುದಕ್ಕೆ ಇದೊಂದು ಕಾರಣವೆನ್ನಬೇಕು. ಹೊಲದಲ್ಲಿ ನಡೆದದ್ದು ಪುಸ್ತಕಕ್ಕೆ ಏರಲಿಲ್ಲ.

1876–78ರ ಬರ ಈ ಭಾಗವನ್ನು ಹಿಂಡಿ ಹಾಕಿತು. ಆಗ ಜಿಲ್ಲಾ ಕೇಂದ್ರ ಕಲಾದಗಿ. ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಅದೂ ಒಂದು. ಬರದ ನೆನಪು ಆರದ ಮನೆತನಗಳಿಗೆ ಹೊಲವನ್ನು ಪೂರ್ತಿ ಹಣ್ಣಿಗೆ ಬಿಟ್ಟುಕೊಡುವ ಧೈರ್ಯ ಎಲ್ಲಿಂದ ಬರಬೇಕು? ಬೇವು, ಬನ್ನಿ, ಜಾಲಿ ಮರಗಳನ್ನು ಹೊಲದ ಒಳಗೂ ಬದುವಿನ ಮೇಲೂ ಉಳಿಸಿಕೊಂಡು ನಡುವೆ ಜೋಳ ಬಿತ್ತುವುದು ಇಲ್ಲಿನ ಹಳೆಯ ರೂಢಿ. ಹಣ್ಣಿನ ಗಿಡ ಬಂದಾಗಲೂ ಅದೇ ರೂಢಿ ಮುಂದುವರಿಯಿತು.

ವಿಜ್ಞಾನಿಗಳ ಗಮನ ಮೊದಲು ಹರಿದದ್ದು ಧಾನ್ಯದ ಕಡೆಗೆ. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆಗೆ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ತಕ್‌ಗಳಲ್ಲಿ ಕೇಂದ್ರಗಳು ತೆರೆದವು. ಬದು ಹಾಕಿ ನೀರು ಇಂಗಿಸು, ಬೀಜ ಕಡಿಮೆ ಮಾಡಿ ಸಾಲಿನ ಅಂತರ ಹೆಚ್ಚಿಸು, ಮೇಲಿಂದ ಮೇಲೆ ಎಡೆ ಹೊಡೆದು ಹಸಿ ಕಾಪಾಡು ಎಂಬುದು ಅಲ್ಲಿ ರೂಪುಗೊಂಡ ‘ಮುಂಬಯಿ ಒಣ ಬೇಸಾಯ ಪದ್ಧತಿ’ಯ ತಿರುಳು. ಮರಗಳ ಪ್ರಸ್ತಾಪ ಅದರಲ್ಲಿ ಹೆಚ್ಚಿಲ್ಲ. ಆದರೂ ಸಾಲಿನ ನಡುವಿನ ಖಾಲಿ ನೆಲ ದಂಡವಲ್ಲ, ಅದು ನೀರಿನ ಗಂಟು ಎಂಬ ತಿಳಿವಳಿಕೆ ಮುಂದೆ ಒಣಭೂಮಿ ತೋಟಗಾರಿಕೆಗೂ ಒದಗಿತು.

ಗಿಡ ಮತ್ತು ಧಾನ್ಯ ಎರಡನ್ನೂ ಒಂದೇ ಯೋಜನೆಯೊಳಗೆ ತಂದ ಕೀರ್ತಿ ಬೈಫ್ ಸಂಸ್ಥೆಗೆ ಸಲ್ಲಬೇಕು. ಗಾಂಧಿವಾದಿ ಮಣಿಭಾಯಿ ದೇಸಾಯಿ 1967ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಇದನ್ನು ಸ್ಥಾಪಿಸಿದರು. 1982ರಲ್ಲಿ ದಕ್ಷಿಣ ಗುಜರಾತಿನ ವಾಂಸದಾದ ಆದಿವಾಸಿ ರೈತರೊಂದಿಗೆ ‘ವಾಡಿ’ ಪ್ರಯೋಗ ಶುರುವಾಯಿತು. ಒಂದೆಕರೆ ಆಸುಪಾಸಿನ ಜಮೀನು. ಮಾವು, ಗೇರು ಗಿಡಗಳು. ಬದುವಿನ ಮೇಲೆ ಕಾಡುಮರ. ನಡುವೆ ಮನೆಗೆ ಬೇಕಾದ ಧಾನ್ಯ ಮತ್ತು ಕಾಳು. ಕರ್ನಾಟಕದಲ್ಲಿ ಧಾರವಾಡ ಜಿಲ್ಲೆ ಕಲಘಟಗಿ ತಾಲೂಕಿನ ಸುರಶೆಟ್ಟಿಕೊಪ್ಪದ ಸುತ್ತ ಇದೇ ಮಾದರಿ 1990ರ ದಶಕದಿಂದ ಬೇರು ಬಿಟ್ಟಿತು. ಕಂದಕ, ಬದು, ಕೃಷಿ ಹೊಂಡಗಳ ಜತೆಗೆ ಬಂದ ಆ ಮಾವಿನ ಸಸಿಗಳು ಒಣಭೂಮಿಯ ಸಣ್ಣ ಹಿಡುವಳಿದಾರನಿಗೂ ತೋಟ ಸಾಧ್ಯವೆಂದು ತೋರಿಸಿದವು.

ಲೆಕ್ಕ ಹಾಕಿದರೆ ಈ ಮಾದರಿಯ ಬಲ ಗೊತ್ತಾಗುತ್ತದೆ. ಮಾವು ಅಥವಾ ಚಿಕ್ಕುವನ್ನು 10 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 100 ಗಿಡ. ಪ್ರತಿ ಸಾಲಿನ ಎರಡೂ ಬದಿಗೆ ಒಂದೊಂದು ಮೀಟರ್ ಬಿಟ್ಟರೂ ಶೇ. 80ರಷ್ಟು ನೆಲ ಬಿತ್ತನೆಗೆ ಸಿಗುತ್ತದೆ. ಮೊದಲ ನಾಲ್ಕೈದು ವರ್ಷ ಈ ನೆಲಕ್ಕೆ ಬಿಸಿಲಿನ ಕೊರತೆಯಿಲ್ಲ. ಗಿಡದ ನೆರಳು ಹರಡಿದಂತೆ ಧಾನ್ಯ ಹಿಂದೆ ಸರಿಯುತ್ತದೆ. ದಟ್ಟ ಸಾಂದ್ರತೆಯಲ್ಲಿ, ಅಂದರೆ 5 ಮೀಟರ್ ಅಂತರದಲ್ಲಿ 400 ಗಿಡ ನೆಟ್ಟಾಗ, ಆ ನಾಲ್ಕೈದು ವರ್ಷವೂ ಮೊಟಕಾಗುತ್ತದೆ.

ಬಾಗಲಕೋಟೆ ಸೀಮೆಯಲ್ಲಿ ಧಾನ್ಯವನ್ನು ತೋಟದಿಂದ ಹೊರಗೆ ತಳ್ಳಿದ್ದು ದಾಳಿಂಬೆ. ಕಲಾದಗಿಯ ಸುತ್ತ ಚಿಕ್ಕು, ದಾಳಿಂಬೆ ಮೊದಲಿನಿಂದಲೂ ಹೆಸರುವಾಸಿ. ಕೊಳವೆಬಾವಿ, ಹನಿ ನೀರಾವರಿ, 2005–06ರಲ್ಲಿ ಬಂದ ರಾಷ್ಟ್ರೀಯ ತೋಟಗಾರಿಕೆ ಮಿಷನ್‌ನ ನೆರವು ಸೇರಿ ದಾಳಿಂಬೆಯ ಹರವು ಹಿಗ್ಗಿತು. ದಾಳಿಂಬೆಗೆ ಬಹಾರ ಹಿಡಿಯಬೇಕು. ಅಂದರೆ ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಿಸಿ, ಕೊಂಬೆ ಸವರಿ, ಆಮೇಲೆ ನೀರು ಕೊಟ್ಟು ಹೂವು ತರಿಸಬೇಕು. ನಡುವೆ ನೀರು ಬೇಡುವ ಬೆಳೆಯಿದ್ದರೆ ಈ ಕ್ರಮವೇ ಕೆಡುತ್ತದೆ. ಎತ್ತರದ ಜೋಳ, ಗೋವಿನಜೋಳ ಗಾಳಿಯಾಟ ತಡೆದು ತೇವ ಹಿಡಿಯುತ್ತವೆ. 2000ದ ದಶಕದಲ್ಲಿ ಉತ್ತರ ಕರ್ನಾಟಕದ ತೋಟಗಳನ್ನು ಹಾಳುಗೆಡವಿದ ದುಂಡಾಣು ಅಂಗಮಾರಿಗೆ ಬೇಕಾದದ್ದೂ ತೇವವೇ. ಹೀಗಾಗಿ ತೋಟಗಾರಿಕೆ ತಜ್ಞರು ನೆಲದ ಸಾರ ಹೀರುವ ಎತ್ತರದ ಧಾನ್ಯ ಬೇಡ, ಹೆಸರು, ಅಲಸಂದೆ, ಸೆಣಬಿನಂಥ ದ್ವಿದಳ ಬೆಳೆ ಇರಲಿ ಎನ್ನುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ರೋಗ ಬಡಿದು ತೋಟ ಕಿತ್ತ ವರ್ಷ, ಮನೆಯಲ್ಲಿ ಜೋಳದ ಚೀಲವೂ ಇಲ್ಲದವನ ಕಷ್ಟವನ್ನು ಆ ಸಲಹೆ ತುಂಬಿಕೊಡುವುದಿಲ್ಲ.

ಕೂಡಿ ಬೆಳೆದಾಗ ಲಾಭವೋ ನಷ್ಟವೋ ಎಂದು ಅಳೆಯುವ ಮಾನದಂಡ ಗಟ್ಟಿಯಾದದ್ದು ಹತ್ತಿರದಲ್ಲೇ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿದ್ದ ಕೃಷಿ ವಿಜ್ಞಾನಿ ವಿಲ್ಲಿ, 1979ರಲ್ಲಿ ಅಂತರಬೆಳೆಗಳ ಕುರಿತು ಬರೆದ ಸಮೀಕ್ಷೆಯಲ್ಲಿ ‘ಭೂ ಸಮಾನತಾ ಅನುಪಾತ’ವನ್ನು ಪ್ರಚುರಪಡಿಸಿದರು. ಅನುಪಾತ 1.3 ಬಂದರೆ, ಅಷ್ಟೇ ಫಸಲನ್ನು ಬೇರೆ ಬೇರೆ ಬೆಳೆಯಲು ಶೇ. 30ರಷ್ಟು ಹೆಚ್ಚು ಭೂಮಿ ಬೇಕೆಂದರ್ಥ. ಫ್ರಾನ್ಸಿನ ಮೊಂಪೆಲಿಯೆ ಬಳಿಯ ರೆಸ್ಟಿಂಕ್ಲಿಯೆರ್‌ನಲ್ಲಿ 1995ರಿಂದ ಅಕ್ರೋಟು ಮರಗಳ ನಡುವೆ ಗೋಧಿ ಬೆಳೆದು ನೋಡಿದ ವಿಜ್ಞಾನಿಗಳು, ಮೇಲ್ಪದರದ ನೀರನ್ನು ಗೋಧಿ ಹೀರುವುದರಿಂದ ಮರದ ಬೇರು ಆಳಕ್ಕೆ ಇಳಿಯುತ್ತದೆಂದು ಕಂಡರು.

ಭಾರತದಲ್ಲಿ ಅಖಿಲ ಭಾರತ ಸಂಯೋಜಿತ ಕೃಷಿ ಅರಣ್ಯ ಸಂಶೋಧನಾ ಯೋಜನೆ 1983ರಲ್ಲಿ, ರಾಷ್ಟ್ರೀಯ ಕೃಷಿ ಅರಣ್ಯ ನೀತಿ 2014ರಲ್ಲಿ ಬಂದವು. 2008ರಲ್ಲಿ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹುನಗುಂದ ಭಾಗದಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರು ಒದಗಿಸಲು ರೂಪಿಸಿದ ರಾಮಥಾಳ ಯೋಜನೆ, ಒಣ ಹೊಲವನ್ನು ತೋಟ ಮಾಡುವ ಆಸೆಯನ್ನು ಇನ್ನಷ್ಟು ಜನರಲ್ಲಿ ಹುಟ್ಟಿಸಿದೆ. ಇತ್ತ ಕಿರುಧಾನ್ಯಕ್ಕೆ ಬೇಡಿಕೆ ಮರಳಿದೆ. ‘ರೈತಸಿರಿ’ ಯೋಜನೆಯಲ್ಲಿ ರಾಜ್ಯ ಸರಕಾರ ನವಣೆಯಂಥ ಬೆಳೆಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ನಿಗದಿ ಮಾಡಿತು.

ಧಾನ್ಯ ಮತ್ತು ತೋಟದ ನಡುವೆ ಇತ್ಯರ್ಥವಾಗದ ತಕರಾರೊಂದು ಉಳಿದಿದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿ ಹಿಕ್ಕೆ ಗೊಬ್ಬರ ಪಡೆಯುವುದು ಇಲ್ಲಿನ ರೂಢಿ. ಎಳೆಯ ಗಿಡಗಳಿರುವ ಹೊಲಕ್ಕೆ ಕುರಿ ಬಿಡುವಂತಿಲ್ಲ. ಬೇಲಿ ಹಾಕಿ ಗಿಡ ಉಳಿಸಿಕೊಂಡವನು ಗೊಬ್ಬರವನ್ನು ಕೊಂಡು ತರಬೇಕು. ದನ ಸಾಕಿದವನಿಗಾದರೆ ಸಾಲಿನ ನಡುವಿನ ಕಾಳಿನಷ್ಟೇ ಕಣಕಿಯೂ ಮುಖ್ಯ. ಕಾಳು ಕಟ್ಟುವಷ್ಟು ಬಿಸಿಲು ಬೀಳದಿದ್ದರೂ ಮೇವಿಗೆಂದೇ ಅಲ್ಲಿ ಜೋಳ ಬಿತ್ತಿ, ಹಸಿ ಇರುವಾಗಲೇ ಕೊಯ್ದು ದನಗಳಿಗೆ ಹಾಕುವುದುಂಟು.