ಹೊಲಕ್ಕಿಳಿದ ಆ್ಯಪ್

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಇಂದು ಒಂದೇ ಜಿಲ್ಲಾಡಳಿತಕ್ಕೆ ಒಳಪಟ್ಟಿವೆಯಾದರೂ, ಪ್ರಕೃತಿಯು ಅವುಗಳಿಗೆ ಒಂದೇ ಮುಖವನ್ನು ಕೊಟ್ಟಿಲ್ಲ. ಭದ್ರಾ ನಾಲೆಯ ನೀರನ್ನೂ ಸೂಳೆಕೆರೆಯ ನೀರನ್ನೂ ಉಂಡು ಬೆಳೆದ ಚನ್ನಗಿರಿಯ ಅಡಕೆ ತೋಟಗಳೊಳಗೆ ನಡುಹಗಲಿನಲ್ಲಿಯೂ ಬಿಸಿಲು ಚುಕ್ಕೆಚುಕ್ಕೆಯಾಗಿಯೇ ನೆಲಕ್ಕಿಳಿಯುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಬತ್ತದ ಗದ್ದೆಗಳೂ, ಅದಕ್ಕೆ ತಾಗಿದ ನ್ಯಾಮತಿಯ ಕಡೆ ಮೆಕ್ಕೆಜೋಳದ ಹೊಲಗಳೂ ಕಣ್ಣಿಗೆ ಬೀಳುತ್ತವೆ. ಜಗಳೂರಾದರೋ ಮುಗಿಲನ್ನೇ ನಂಬಿ ಬಾಳುವ ಬಯಲುಸೀಮೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ಸ್ವತಂತ್ರ ತಾಲ್ಲೂಕಾದುದು ಇನ್ನೂ ಇಪ್ಪತ್ತು ವರ್ಷಗಳ ಅನಂತರ. ಹೀಗೆ ನಾನಾ ದಿಕ್ಕುಗಳಿಂದ ಬಂದು ಕೂಡಿದ ಈ ನೆಲದ ಮೇಲೆ ನಿಂತು, ಮೊಬೈಲ್ ಆ್ಯಪ್‌ಗಳನ್ನು ಕಟ್ಟುವವರು ತಮ್ಮ ರಚನೆಯನ್ನು ಮೊದಲು ಗಣಕದ ಪರದೆಯ ಮೇಲೆ ಫೋನನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿಯೂ ಬಳಿಕ ನಿಜವಾದ ಫೋನಿನಲ್ಲಿಯೂ ಇಳಿಸಿ ಪರೀಕ್ಷಿಸುತ್ತ ಬಂದ ವೃತ್ತಿಯ ಇತಿಹಾಸವನ್ನು ನೋಡಬೇಕೆಂಬುದು ನನ್ನ ಅಪೇಕ್ಷೆ. ಏಕೆಂದರೆ ಆ ವೃತ್ತಿಯ ಅರ್ಧಭಾಗವು ನಗರದ ಮೇಜುಗಳ ಮೇಲೆ ನಡೆದಿದ್ದರೆ ಮಿಕ್ಕರ್ಧವು ಇಂಥ ಹೊಲಗಳಲ್ಲಿಯೇ ನಡೆದಿದೆ, ಮತ್ತು ಆ ಮಿಕ್ಕರ್ಧವನ್ನು ಬರೆದಿಟ್ಟವರು ವಿರಳ.

ಈ ಕಥೆಯ ಬೇರು, ನೆಲದ ಒಡೆತನವನ್ನೂ ಬೆಳೆಯನ್ನೂ ಬರೆದಿಡುವ ಪಹಣಿಯಲ್ಲಿದೆ. ಮೈಸೂರು ಸೀಮೆಯಲ್ಲಿ 1863ರಲ್ಲಿ, ಕಮಿಷನರ್ ಬೌರಿಂಗರ ಕಾಲದಲ್ಲಿ, ಬೊಂಬಾಯಿ ಪದ್ಧತಿಯನ್ನನುಸರಿಸಿದ ಭೂಮಾಪನಕಾರ್ಯವು ಆರಂಭವಾಯಿತು. ಅಳೆಯುವವರ ಕೈಯಲ್ಲಿದ್ದ ಸರಪಳಿ 33 ಅಡಿಯದು. ಅದನ್ನು 16 ಆಣೆಗಳಾಗಿ ಭಾಗಿಸಿದ್ದರು. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲವು 1,089 ಚದರಡಿಯ ಒಂದು ಗುಂಟೆ. ಅಂಥ 40 ಗುಂಟೆಗಳು ಸೇರಿದರೆ ಒಂದು ಎಕರೆ. ಬಾಂದುಕಲ್ಲುಗಳನ್ನು ನೆಟ್ಟು, ಟಿಪ್ಪಣಿಗಳನ್ನು ಬರೆದು, ಸರ್ವೆ ನಂಬರುಗಳನ್ನು ಕೊಟ್ಟು ಹೋದ ಆ ಪರಿಶ್ರಮದ ಫಲವನ್ನೇ ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ನೆಲದ ಗಡಿಯು ಹೀಗೆ ಕಲ್ಲಿನಲ್ಲಿ ನಿಂತಿತು. ಆದರೆ ಆ ನೆಲದಲ್ಲಿ ಈ ವರ್ಷ ಏನು ಬೆಳೆದಿದೆಯೆಂಬುದನ್ನು ವರ್ಷವರ್ಷವೂ ಹೋಗಿ ನೋಡಿಯೇ ಬರೆಯಬೇಕು. ಆ ಕೆಲಸವು ಶಾನುಭೋಗರದಾಗಿದ್ದಿತು. ಗ್ರಾಮಾಧಿಕಾರಗಳ ವಂಶಪಾರಂಪರ್ಯವನ್ನು ತೊಡೆದುಹಾಕಿದ 1961ರ ಶಾಸನದ ತರುವಾಯ ಗ್ರಾಮಲೆಕ್ಕಿಗರದಾಯಿತು. ಹಲವು ಹಳ್ಳಿಗಳ ಭಾರವನ್ನು ಹೊತ್ತ ಒಬ್ಬನೇ ಮನುಷ್ಯನು ಸಹಸ್ರಾರು ತಾಕುಗಳನ್ನು ಕಣ್ಣಾರೆ ಕಾಣುವುದು ಅಸಾಧ್ಯವಾದುದರಿಂದ, ಹೋದ ವರ್ಷದ ಬೆಳೆಯೇ ಈ ವರ್ಷದ ಕಾಲಮಿನಲ್ಲಿಯೂ ಉಳಿದುಬಿಡುವ ಪರಿಪಾಠವು ಬೆಳೆಯಿತು. ಬೆಳೆವಿಮೆ, ಬರಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲವೂ ಆ ಒಂದು ಕಾಲಮನ್ನು ಆಶ್ರಯಿಸಿದ ಕಾಲ ಬಂದಾಗ, ಅಲ್ಲಿಯ ಒಂದು ತಪ್ಪು ಒಂದು ಮನೆಯ ವರ್ಷದ ಅನ್ನವನ್ನೇ ಕಸಿಯಬಲ್ಲದಾಯಿತು.

ಪಹಣಿಯನ್ನು ಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯನ್ನು ಕನ್ನಡನಾಡಿನವರೆಲ್ಲ ಬಲ್ಲರು. ಆಯ್ದ ಕೆಲವು ತಾಲ್ಲೂಕುಗಳಲ್ಲಿ ಪ್ರಯೋಗ ನಡೆಸಿ, ಕಂಡ ದೋಷಗಳನ್ನು ತಿದ್ದಿ, ಬಳಿಕ ಉಳಿದೆಡೆಗೆ ಹಬ್ಬಿಸಿದ ಆ ಕಾರ್ಯದಿಂದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿಯನ್ನು ಪಡೆಯುವಂತಾಯಿತು. ಆದರೆ ಭೂಮಿಯ ಗಣಕವು ಕಚೇರಿಯ ಕೊಠಡಿಯಲ್ಲಿಯೇ ಕುಳಿತಿದ್ದಿತು. ಯಂತ್ರವನ್ನು ಕೈಯಲ್ಲಿ ಹಿಡಿದು ಹೊಲದ ಬದುವಿನವರೆಗೂ ಒಯ್ಯಬೇಕೆಂಬ ಸಂಕಲ್ಪವು ಕಾಯವನ್ನು ತಳೆದುದು, ನಮ್ಮವರೇ ನಿರ್ಮಿಸಿದ ಸಿಂಪ್ಯೂಟರಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮೊದಲಾದವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಕೂಡಿ ರೂಪಿಸಿದ ಆ ಅಂಗೈಗಣಕವು, ಓದುಬರೆಹ ಬಾರದವನಿಗೂ ಅವನ ಭಾಷೆಯಲ್ಲಿಯೇ ದನಿಗೊಟ್ಟು ಮಾತನಾಡಬೇಕೆಂಬ ಉದಾರವಾದ ಆಶಯದಿಂದ ಹುಟ್ಟಿತು. ಭೂದಾಖಲೆಯ ಕಾರ್ಯಕ್ಕೆ ಕರ್ನಾಟಕ ಸರಕಾರವು ಅದನ್ನು ಬಳಸಿಯೂ ನೋಡಿತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಮೇಜಿನ ಗಣಕದ ಸಂಸ್ಕಾರಕವು ಒಂದು ಜಾತಿಯದು, ಅಂಗೈಯ ಯಂತ್ರದ ಸಂಸ್ಕಾರಕವು ಇನ್ನೊಂದು ಜಾತಿಯದಾದುದರಿಂದ, ಒಂದರಲ್ಲಿ ಬರೆದ ತಂತ್ರಾಂಶವನ್ನು ಮತ್ತೊಂದಕ್ಕೆ ತಕ್ಕಂತೆ ಮಾರ್ಪಡಿಸಿ, ಅಲ್ಲಿಗೆ ಸಾಗಿಸಿ, ಅಲ್ಲಿಯೇ ನಡೆಸಿ ನೋಡಬೇಕೆಂಬ ಶಿಸ್ತನ್ನು ನಮ್ಮ ನಾಡಿನ ಒಂದು ತಲೆಮಾರಿನ ತಂತ್ರಜ್ಞರು ಅದರ ನೆರಳಿನಲ್ಲಿಯೇ ಕಲಿತರೆಂದು ನಾನು ಭಾವಿಸುತ್ತೇನೆ.

ಒಂದು ಯಂತ್ರವು ಇನ್ನೊಂದರ ವೇಷವನ್ನು ಧರಿಸುವ ಸಿಮ್ಯುಲೇಟರಿನ ವಿದ್ಯೆ ಮೊಬೈಲಿಗಿಂತ ಹಳೆಯದು. 1964ರ ಏಪ್ರಿಲಿನಲ್ಲಿ ಐಬಿಎಂ ಸಂಸ್ಥೆಯು ತನ್ನ ಸಿಸ್ಟಂ 360 ಗಣಕಗಳನ್ನು ಘೋಷಿಸಿದಾಗ, ಹಳೆಯ 1401 ಯಂತ್ರಕ್ಕೆಂದು ಗಿರಾಕಿಗಳು ಬರೆಯಿಸಿದ್ದ ತಂತ್ರಾಂಶಗಳು ವ್ಯರ್ಥವಾಗದಂತೆ, ಹೊಸದು ಹಳೆಯದರಂತೆಯೇ ವರ್ತಿಸುವ ವ್ಯವಸ್ಥೆಯನ್ನು ಕಲ್ಪಿಸಿದ್ದಿತು. ಅಲ್ಲಿ ಗತಿಸಿದ ಯಂತ್ರದ ಅನುಕರಣೆ. ಆಂಡ್ರಾಯ್ಡಿನಲ್ಲಿಯಾದರೋ ಇನ್ನೂ ಹುಟ್ಟದ ಯಂತ್ರದ ಅನುಕರಣೆ. 2007ರ ನವೆಂಬರ್ 12ರಂದು ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ತಂತ್ರಾಂಶ ನಿರ್ಮಾಣದ ಪರಿಕರಗಳನ್ನು ಲೋಕಕ್ಕೆ ಕೊಟ್ಟಾಗ ಆಂಡ್ರಾಯ್ಡ್ ಫೋನು ಎಂಬುದೊಂದು ಅಂಗಡಿಯಲ್ಲಿ ಇರಲೇ ಇಲ್ಲ. ಮೊದಲನೆಯದಾದ ಎಚ್‌ಟಿಸಿ ಡ್ರೀಮ್ ಹೊರಬಂದುದು 2008ರ ಉತ್ತರಾರ್ಧದಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಬರೆದವರಿಗೆಲ್ಲ, ಫಾಬ್ರೀಸ್ ಬೆಲ್ಲಾರ್ ಎಂಬ ಫ್ರೆಂಚ್ ತಂತ್ರಜ್ಞನು ರಚಿಸಿದ ಕ್ಯೂಎಮು ತಂತ್ರಾಂಶದ ಮೇಲೆ ನಿಂತ ಎಮ್ಯುಲೇಟರಿನ ಚಿತ್ರಫೋನೇ ಫೋನು. 2008ರ ಮಾರ್ಚಿನಲ್ಲಿ ಆ್ಯಪಲ್ ಸಂಸ್ಥೆಯು ಕೊಟ್ಟ ಐಫೋನ್ ಸಿಮ್ಯುಲೇಟರಿನ ಕ್ರಮವೇ ಬೇರೆ: ಅದು ಫೋನಿನ ಸಂಸ್ಕಾರಕವನ್ನು ಅನುಕರಿಸದೆ, ಆ್ಯಪ್ಪನ್ನೇ ಮ್ಯಾಕ್ ಗಣಕದ ಭಾಷೆಗೆ ತಿರುಗಿಸಿ ಅಲ್ಲಿ ಓಡಿಸುತ್ತಿದ್ದಿತು, ಆದುದರಿಂದ ಶೀಘ್ರಗಾಮಿ, ಆದರೆ ಮ್ಯಾಕಿನ ವಿಶಾಲವಾದ ಸ್ಮೃತಿಯನ್ನು ಉಂಡು ಸುಖವಾಗಿದ್ದ ಆ್ಯಪ್ಪು ಫೋನಿನ ಅಲ್ಪಸ್ಮೃತಿಯಲ್ಲಿ ಉಸಿರುಗಟ್ಟುವುದನ್ನು ಅದು ಮುಂಚಿತವಾಗಿ ತೋರಿಸಲಾರದು. ನಿಜವಾದ ಐಫೋನಿಗೆ ಇಳಿಸಬೇಕಾದರೆ ವರ್ಷಕ್ಕೆ 99 ಡಾಲರ್ ತೆತ್ತು, ಫೋನಿನ ಗುರುತುಸಂಖ್ಯೆಯನ್ನು ನೋಂದಾಯಿಸಬೇಕಾಗಿದ್ದಿತು. 2015ರಲ್ಲಿ ಎಕ್ಸ್‌ಕೋಡಿನ ಏಳನೆಯ ಆವೃತ್ತಿ ಬಂದ ಮೇಲೆಯೇ ಸ್ವಂತದ ಫೋನಿನ ಮಟ್ಟಿಗೆ ಆ ಸುಂಕವು ತಪ್ಪಿತು. ಆಂಡ್ರಾಯ್ಡಿನಲ್ಲಿ ಒಂದು ಕೇಬಲ್ ಸಾಕು, 4.2ನೆಯ ಆವೃತ್ತಿಯಿಂದೀಚೆಗೆ ಮಾತ್ರ ಸೆಟ್ಟಿಂಗ್ಸಿನ ಒಳಗೆ ಬಿಲ್ಡ್ ನಂಬರನ್ನು ಏಳು ಬಾರಿ ಒತ್ತಿ, ಮರೆಯಲ್ಲಿರುವ ಡೆವಲಪರ್ ಪಟ್ಟಿಯನ್ನು ತೆರೆಯಬೇಕು. ನಮ್ಮ ತಾಲ್ಲೂಕುಗಳ ರೈತರ ಕೈಗೆ ಬಂದುದು ಬಹುಮಟ್ಟಿಗೆ ಈ ಆಂಡ್ರಾಯ್ಡೇ.

ಬೆಳೆಯ ಕಾಲಮನ್ನು ಮೊಬೈಲಿನ ಮೂಲಕ ತುಂಬುವ ಕ್ರಮವು ರಾಜ್ಯದಲ್ಲಿ 2017ರ ಸುಮಾರಿಗೆ ಆರಂಭವಾಗಿ, ಮೊದಲು ಸರಕಾರಿ ನೌಕರರ ಕೈಯಲ್ಲಿಯೂ ಆಮೇಲೆ ಹಳ್ಳಿಯ ಯುವಕರ ಕೈಯಲ್ಲಿಯೂ ನಡೆದು, 2020ರ ಮುಂಗಾರಿನಲ್ಲಿ ರೈತನೇ ತನ್ನ ಹೊಲದಲ್ಲಿ ನಿಂತು ತನ್ನ ಬೆಳೆಯ ಚಿತ್ರವನ್ನು ತೆಗೆದು ಕಳಿಸುವ ‘ರೈತರ ಬೆಳೆ ಸಮೀಕ್ಷೆ’ ಆ್ಯಪ್ ಆಗಿ ಪರಿಣಮಿಸಿತು. ಇದರ ಸತ್ತ್ವವೆಲ್ಲ ಒಂದು ನಿಯಮದಲ್ಲಿದೆ: ಉಪಗ್ರಹದ ಸಂಕೇತವನ್ನು ಹಿಡಿದು, ರೈತನು ನಿಂತ ತಾವು ಆ ಸರ್ವೆ ನಂಬರಿನ ಗಡಿಯೊಳಗಿದೆಯೇ ಎಂಬುದನ್ನು ನಕ್ಷೆಯೊಡನೆ ತಾಳೆನೋಡಿದ ಬಳಿಕವೇ ಫೋನು ಚಿತ್ರವನ್ನು ಸ್ವೀಕರಿಸಬೇಕು. ಮನೆಯಲ್ಲಿ ಕುಳಿತು ಬೆಳೆ ಬರೆಯುವ ಹಳೆಯ ಪರಿಪಾಠಕ್ಕೆ ಕಂಡುಕೊಂಡ ಪರಿಹಾರವಿದು. ಮತ್ತು ಮೇಜಿನ ಮೇಲಿನ ಪರೀಕ್ಷೆಯು ಸೋತುಹೋಗುವ ಜಾಗವೂ ಇದೇ.

ಆಂಡ್ರಾಯ್ಡ್ ಎಮ್ಯುಲೇಟರನ್ನು ತೆರೆದು ‘ನೀನೆಲ್ಲಿರುವೆ’ ಎಂದು ಕೇಳಿದರೆ, ಅದು ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರವನ್ನು ಹೆಸರಿಸುತ್ತದೆ; ಗೂಗಲ್ ಸಂಸ್ಥೆಯ ಕಚೇರಿಯಿರುವ ತಾವದು. ಬೆಂಗಳೂರಿನಲ್ಲಿ ಕುಳಿತವನು ಅದನ್ನು ಜಗಳೂರಿಗೆ ಕರೆತರಬೇಕಾದರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶ, 76.3 ಡಿಗ್ರಿ ಪೂರ್ವ ರೇಖಾಂಶವೆಂದು ಕೈಯಾರೆ ತಿಳಿಸಬೇಕು. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಎಮ್ಯುಲೇಟರಿಗೆ ಅಕ್ಷರರೂಪದ ಆಜ್ಞೆಯಿಂದ ಸ್ಥಳವನ್ನು ಹೇಳುವಾಗ, ಭೂಗೋಳಪಾಠದ ಕ್ರಮಕ್ಕೆ ವ್ಯತಿರಿಕ್ತವಾಗಿ ರೇಖಾಂಶವನ್ನು ಮೊದಲು ಬರೆಯಬೇಕು, ಅಭ್ಯಾಸಬಲದಿಂದ ಅಕ್ಷಾಂಶವನ್ನೇ ಮೊದಲು ಬರೆದರೆ, ಬರದ ಸೀಮೆಯೆಂದು ಹೆಸರಾದ ಜಗಳೂರು ಉತ್ತರಧ್ರುವದ ಹಾದಿಯಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಹಿಮಸಮುದ್ರಕ್ಕೆ ಹೋಗಿ ಬೀಳುತ್ತದೆ. ಇಷ್ಟೆಲ್ಲ ಸರಿಪಡಿಸಿ ಬೆಳೆಯ ಚಿತ್ರವನ್ನು ತೆಗೆಯಹೋದರೆ, ಎಮ್ಯುಲೇಟರಿನ ಕೃತಕ ಕ್ಯಾಮೆರಾದಲ್ಲಿ ಕಾಣುವುದು ಚಲಿಸುವ ಚೌಕುಳಿಯ ವಿನ್ಯಾಸ. ಐಫೋನ್ ಸಿಮ್ಯುಲೇಟರಿನಲ್ಲಿಯಾದರೆ ಕ್ಯಾಮೆರಾವೇ ಇಲ್ಲ. ಗುಂಡಿಗಳು ಒತ್ತಿದಂತೆ ಒಪ್ಪುತ್ತವೆಯೇ, ಪುಟದಿಂದ ಪುಟಕ್ಕೆ ಹೋಗಬಹುದೇ, ಲೆಕ್ಕ ತಪ್ಪುತ್ತದೆಯೇ ಎಂಬುದನ್ನು ಈ ಬಿಂಬವು ನಿಷ್ಠೆಯಿಂದ ತಿಳಿಸುತ್ತದೆ. ಹತ್ತಾರು ಬಗೆಯ ಪರದೆಗಳನ್ನೂ ಹಳೆಯ ಆವೃತ್ತಿಗಳನ್ನೂ ಒಬ್ಬನೇ ಒಂದು ಮಧ್ಯಾಹ್ನದಲ್ಲಿ ಪರೀಕ್ಷಿಸುವುದು ಅದರಿಂದಲೇ ಸಾಧ್ಯವಾಗಿರುವುದರಿಂದ ಅದನ್ನು ಹೀನಾಯವಾಗಿ ಕಾಣುವುದು ಅನ್ಯಾಯ.

ಆದರೆ ಎಮ್ಯುಲೇಟರಿಗೆ ಕೊಟ್ಟ ಸ್ಥಾನವು ಅಚಲವಾದುದು, ನಿರ್ದುಷ್ಟವಾದುದು. ಚನ್ನಗಿರಿಯ ಅಡಕೆ ತೋಟದೊಳಗಿನ ಫೋನಿಗೆ ದೊರೆಯುವ ಸ್ಥಾನವು ಹಾಗಿಲ್ಲ. ಬಯಲಿನಲ್ಲಿ, ತೆರೆದ ಆಕಾಶದಡಿಯಲ್ಲಿ, ಸಾಮಾನ್ಯ ಫೋನು ಸುಮಾರು 5 ಮೀಟರಿನ ಅಂತರದೊಳಗೆ ತನ್ನ ನೆಲೆಯನ್ನು ಹೇಳಬಲ್ಲದು. ಒತ್ತಾಗಿ ನೆಟ್ಟ ಮರಗಳ ತೋಟದಲ್ಲಿ ಗರಿಗಳ ಚಪ್ಪರವು ಉಪಗ್ರಹದ ಕ್ಷೀಣವಾದ ಸಂಕೇತವನ್ನು ತಡೆದು, ಚದುರಿಸಿ, ಆ ಅಂತರವನ್ನು ಇನ್ನೂ ಹಿಗ್ಗಿಸುತ್ತದೆ. ಮೇಲೆ ಹೇಳಿದ ಸರಪಳಿಯ ಉದ್ದವು 10 ಮೀಟರು. ಒಂದು ಗುಂಟೆಯ ಪಾರ್ಶ್ವವೂ ಅಷ್ಟೇ. ಅಣ್ಣತಮ್ಮಂದಿರು ಹಂಚಿಕೊಂಡು ಹಂಚಿಕೊಂಡು ಗುಂಟೆಗಳ ಲೆಕ್ಕಕ್ಕೆ ಇಳಿದ ಹಿಸ್ಸೆಗಳಲ್ಲಿ, ಫೋನಿನ ಈ ಚಂಚಲತೆಯೊಂದರಿಂದಲೇ ತನ್ನ ತೋಟದಲ್ಲಿ ನಿಂತವನು ಯಂತ್ರದ ದೃಷ್ಟಿಗೆ ದಾಯಾದಿಯ ತೋಟದಲ್ಲಿ ನಿಂತವನಾಗುತ್ತಾನೆ. ನೂರೈವತ್ತು ವರ್ಷಗಳ ಹಿಂದೆ ಕಬ್ಬಿಣದ ಸರಪಳಿಯನ್ನೆಳೆದವರು ಆಣೆಯ ಲೆಕ್ಕದಲ್ಲಿ ಹಿಡಿದ ನೆಲವನ್ನು ಅಂತರಿಕ್ಷದ ಯಂತ್ರವು ಅಷ್ಟು ಬಿಗಿಯಾಗಿ ಹಿಡಿಯಲಾರದೆಂಬುದು ಮನಸ್ಸಿನಲ್ಲಿಟ್ಟುಕೊಳ್ಳತಕ್ಕ ಸಂಗತಿ. ಗಡಿಯಿಂದ ಎಷ್ಟು ಮೀಟರಿನವರೆಗೆ ರಿಯಾಯಿತಿ ತೋರಬೇಕೆಂಬುದನ್ನು ಬೆಂಗಳೂರಿನ ಮೇಜು ನಿರ್ಣಯಿಸಲಾರದು. ತೋಟದೊಳಗೆ ನಡೆದವರೇ ಅದನ್ನು ಬಲ್ಲರು.

ಜಗಳೂರಿನ ಬಯಲಿನಲ್ಲಿ ಆಕಾಶವು ತೆರೆದಿದೆ, ಸ್ಥಾನವು ಬೇಗ ಸಿಕ್ಕುತ್ತದೆ. ಅಲ್ಲಿಯ ತೊಡಕು ಬೇರೆ. ಬಿಸಿಲಿನ ಪ್ರಖರತೆಯಲ್ಲಿ ಪರದೆಯ ಮೇಲಿನ ಅಕ್ಷರವು ಕಾಣದೆ, ಅಂಗೈಯನ್ನು ಮರೆಯಾಗಿ ಹಿಡಿದುಕೊಂಡು ಓದಬೇಕಾಗುತ್ತದೆ. ಊರಿಂದ ದೂರದ ಹೊಲಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೆ, ತೆಗೆದ ಚಿತ್ರವನ್ನು ಫೋನಿನಲ್ಲಿಯೇ ಕಾಪಾಡಿಕೊಂಡು, ಸಂಕೇತ ದೊರೆತ ಮೇಲೆ ಕಳಿಸುವ ಜಾಣ್ಮೆಯು ಆ್ಯಪ್ಪಿಗೆ ಬೇಕಾಗುತ್ತದೆ. ಹೊನ್ನಾಳಿಯ ಕಡೆ ನಾಟಿಯ ಕೆಸರಿನ ಕೈ, ಮುಂಗಾರಿನ ಹನಿ. ಒದ್ದೆ ಬೆರಳನ್ನು ಗಾಜಿನ ಪರದೆಯು ಸರಿಯಾಗಿ ಗುರುತಿಸದು. ನ್ಯಾಮತಿಯದು ಲೆಕ್ಕಪತ್ರದ ತೊಡಕು: ನಿನ್ನೆಯವರೆಗೆ ಹೊನ್ನಾಳಿಯ ಕೆಳಗಿದ್ದ ಹಳ್ಳಿಗಳನ್ನು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಪಟ್ಟಿಯಲ್ಲಿ ಹೊಸ ತಾಲ್ಲೂಕಿನ ಕೆಳಗೆ ತಂದು ನಿಲ್ಲಿಸುವುದು ಅಕ್ಷರ ಬದಲಿಸಿದಷ್ಟು ಸುಲಭವಾದ ಕೆಲಸವೇನೂ ಆಗಿರದು.

ಕನ್ನಡದ ಅಕ್ಷರಗಳ ವಿಷಯವನ್ನೂ ಇಲ್ಲಿ ಹೇಳಲೇಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನವಿದ್ದಿತಾದರೂ, ಆಂಡ್ರಾಯ್ಡಿನ ಆರಂಭದ ಫೋನುಗಳಲ್ಲಿ ಕನ್ನಡವು ಖಾಲಿ ಚೌಕಗಳ ಸಾಲಾಗಿಯೇ ಕಾಣುತ್ತಿದ್ದಿತು, 2012ರ 4.1ನೆಯ ಆವೃತ್ತಿಯಲ್ಲಿಯೇ ಕನ್ನಡ, ತೆಲುಗು, ಮಲಯಾಳ ಲಿಪಿಗಳಿಗೆ ಆಸರೆ ದೊರೆತುದು. ಅನಂತರವೂ ಬಹುಕಾಲ ಹಳೆಯ ಫೋನುಗಳು ಬಳಕೆಯಲ್ಲಿದ್ದುದರಿಂದ, ಹೊಸ ಆವೃತ್ತಿಯ ಎಮ್ಯುಲೇಟರಿನಲ್ಲಿ ಒತ್ತಕ್ಷರಗಳೊಡನೆ ಅಂದವಾಗಿ ಮೂಡಿದ ಪುಟವು ಹಳೆಯ ಫೋನಿನಲ್ಲಿ ಹೇಗಿದ್ದೀತೆಂಬುದನ್ನು ಆ ಫೋನನ್ನೇ ಹಿಡಿದು ನೋಡಬೇಕಾಗಿದ್ದಿತು. 1967ರಲ್ಲಿ ಲೋಕಸಭೆಯೊಳಗೆ ಕನ್ನಡದಲ್ಲಿ ಮಾತನಾಡಿ ಆ ಭಾಷೆಗೆ ಅಲ್ಲಿ ಕಿವಿಯನ್ನು ದೊರಕಿಸಿದ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅವರ ತಾಲ್ಲೂಕಿನ ರೈತನು ತನ್ನ ಬೆಳೆಯ ಹೆಸರನ್ನು ಅಂಗೈಯ ಯಂತ್ರದಲ್ಲಿ ಕನ್ನಡದಲ್ಲಿಯೇ ಓದಿ ಆರಿಸುವಂತಾದುದನ್ನು ಕಂಡಾಗ ನನಗೆ ಹೃತ್ಪೂರ್ವಕವಾದ ಸಂತೋಷವಾಗುತ್ತದೆ.

ಬೆಳೆ ಸಮೀಕ್ಷೆಯ ಆ್ಯಪ್ಪುಗಳು ಋತುವಿಗೊಂದರಂತೆ ಪ್ಲೇಸ್ಟೋರಿಗೆ ಬರುತ್ತವೆ. ಹೊಸತು ಬಂದಾಗ ಹಳೆಯದನ್ನು ತೆಗೆದು, ಹೊಸದನ್ನು ಇಳಿಸಿ, ಒಟಿಪಿ ಬರುವವರೆಗೆ ಕಾದು, ಗ್ರಾಮದ ನಕ್ಷೆಯನ್ನು ಮನೆಯ ನೆಟ್‌ವರ್ಕಿನಲ್ಲಿಯೇ ತುಂಬಿಕೊಂಡು, ಆಮೇಲೆ ಹೊಲಕ್ಕೆ ಹೊರಡಬೇಕೆಂಬ ವಿವರವನ್ನು ಹಿರಿಯರಿಗೆ ತಿಳಿಸಿಕೊಡುವವರು ಮನೆಯ ಮಕ್ಕಳು, ಮೊಮ್ಮಕ್ಕಳು, ಸಮೀಕ್ಷೆಗೆ ನಿಂತ ಊರಿನ ಹುಡುಗರು. ‘ಅಜ್ಜ, ಇನ್ನೊಂದು ಸ್ವಲ್ಪ ಬದುವಿನ ಈಚೆ ಬಾ, ಗೆರೆಯೊಳಗೆ ತೋರಿಸ್ತಾ ಇಲ್ಲ’ ಎಂದು ಕೂಗಿ ಹೇಳುವ ಹುಡುಗನು ತಾನು ಯಾವ ಕಂಪನಿಯ ನೌಕರನೂ ಅಲ್ಲವೆಂದು ಬಲ್ಲನು. ಆದರೂ ಆ ತೋಟದಲ್ಲಿ, ಆ ಅಗ್ಗದ ಫೋನಿನಲ್ಲಿ, ಆ ನೆಟ್‌ವರ್ಕಿನಲ್ಲಿ ಆ್ಯಪ್ಪು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗ್ಗರಿಸುತ್ತದೆಯೆಂಬುದನ್ನು ಮೊದಲು ಕಂಡವನು ಅವನೇ. ಈ ವೃತ್ತಿಯ ಇತಿಹಾಸವನ್ನು ಬರೆಯುವವರು ಕೇಬಲ್ಲು, ಸಿಮ್ಯುಲೇಟರುಗಳ ಹೆಸರಿನೊಡನೆ ಅವನ ಪರಿಶ್ರಮಕ್ಕೂ ಒಂದು ಪುಟವನ್ನು ಮೀಸಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಳಿಸಿದ ಚಿತ್ರವು ಅಲ್ಲಿಗೇ ಮುಗಿಯುವುದೂ ಇಲ್ಲ: ‘ಬೆಳೆ ದರ್ಶಕ್’ ಎಂಬ ಇನ್ನೊಂದು ಆ್ಯಪ್ಪನ್ನು ತೆರೆದು ತನ್ನ ಸರ್ವೆ ನಂಬರಿನ ಎದುರಿಗೆ ಯಾವ ಬೆಳೆ ದಾಖಲಾಗಿದೆಯೆಂಬುದನ್ನು ರೈತನು ನೋಡಬಹುದು, ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆಯನ್ನು ಸಲ್ಲಿಸಬಹುದು.