ಕ್ಯೂ ಅಕ್ಷರ: ಶಾಸ್ತ್ರಗಳಲ್ಲಿ ಬಳಕೆ

ರೋಮನ್ ವರ್ಣಮಾಲೆಯ 17ನೆಯ ಅಕ್ಷರವಾದ ಕ್ಯೂ ಬೇರೆ ಬೇರೆ ಶಾಸ್ತ್ರಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಅರ್ಥಗಳಿಗೆ ನಿಂತಿದೆ. ಗಣಿತದಲ್ಲಿ ಅದು ಭಾಗಲಬ್ಧ ಸಂಖ್ಯೆಗಳ ಗಣ, ವಿದ್ಯುಚ್ಛಾಸ್ತ್ರದಲ್ಲಿ ಆವೇಶ, ಬೈಬಲ್ ಅಧ್ಯಯನದಲ್ಲಿ ಮತ್ತಾಯ, ಲೂಕರ ಸುವಾರ್ತೆಗಳ ಹಿಂದೆ ಇತ್ತೆಂದು ಹಲವು ವಿದ್ವಾಂಸರು ಊಹಿಸುವ, ಇದುವರೆಗೆ ಸಿಕ್ಕಿರದ ಮೂಲಗ್ರಂಥ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ, ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲೇ ಹಲವು ಕ್ಯೂಗಳಿವೆ.

ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ವೃತ್ತಿಯಾದ ನೀರಾವರಿ ಎಂಜಿನಿಯರಿಂಗ್‌ನಲ್ಲಿ ಕ್ಯೂ ಎಂದರೆ ಹರಿವಿನ ಪ್ರಮಾಣ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಬೋರ್‌ವೆಲ್ ಕೊರೆದಾಗ 'ಎರಡಿಂಚು ನೀರು ಬಂತು' ಎನ್ನುವುದು ಈ ಕ್ಯೂ ಲೆಕ್ಕವೇ. ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಂಡಿಯಲ್ಲಿ ನೀರು ಎಷ್ಟು ಎತ್ತರ ನಿಂತು ಹರಿಯಿತೆಂದು ಅಳೆಯುತ್ತಾರೆ. ಹರಿವು ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾದ್ದರಿಂದ ಎರಡಿಂಚೆಂದರೆ ಒಂದಿಂಚಿನ ಎರಡು ಪಟ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಓದಿದ್ದು ಪರಮಾಣು ಬೀಜ ಭೌತವಿಜ್ಞಾನ. ಅಲ್ಲಿ ಬೀಜಕ್ರಿಯೆಯಿಂದ ಹೊರಬರುವ ಅಥವಾ ಅದು ನುಂಗುವ ಶಕ್ತಿಯೇ ಕ್ಯೂ.

ಎಲ್ಲಕ್ಕಿಂತ ಸ್ವಾರಸ್ಯದ ಎರಡು ಕ್ಯೂಗಳೂ ಗೌರಿಬಿದನೂರಿನವೇ. ನೆಲದಡಿಯ ಅಣುಸ್ಫೋಟಗಳನ್ನು ಪತ್ತೆಹಚ್ಚಲು 1965ರಲ್ಲಿ ಅಣುಶಕ್ತಿ ಇಲಾಖೆ ಇಲ್ಲಿ ಎಲ್ ಆಕಾರದಲ್ಲಿ 20 ಕಂಪನಮಾಪಕಗಳನ್ನು ಹೂಡಿತು. ಕಂಪನಶಾಸ್ತ್ರದಲ್ಲಿ ಕ್ಯೂ ಹೆಚ್ಚಿದ್ದಷ್ಟೂ ಶಿಲೆ ಅಲೆಯ ಶಕ್ತಿಯನ್ನು ಕಡಿಮೆ ಹೀರುತ್ತದೆ. ದಕ್ಷಿಣದ ಹಳೆಯ ಗಟ್ಟಿ ಶಿಲೆಯ ಕ್ಯೂ ಹಿಮಾಲಯದ್ದಕ್ಕಿಂತ ಹೆಚ್ಚು. ಇಂಥ ನೆಲದಲ್ಲಿ ಅಲೆಗಳು ಬಹುದೂರ ಸಾಗುತ್ತವೆ. ಈ ಚಿಹ್ನೆ ವಿದ್ಯುತ್ ಎಂಜಿನಿಯರಿಂಗ್‌ನಿಂದ ಬಂದದ್ದು. 1920ರಲ್ಲಿ ಅಮೆರಿಕದ ಕೆ. ಎಸ್. ಜಾನ್ಸನ್ ತಂತಿಸುರುಳಿಗಳ ವಿಷಯದಲ್ಲಿ ಅದನ್ನು ಬಳಸಿದ. ಉಳಿದ ಅಕ್ಷರಗಳಿಗೆಲ್ಲ ಆಗಲೇ ಬೇರೆ ಕೆಲಸಗಳಿದ್ದವು ಎಂಬುದಷ್ಟೇ ಕಾರಣ. 'ಗುಣಮಟ್ಟ' ಎಂಬ ಅರ್ಥ ಆಮೇಲೆ ಅಂಟಿಕೊಂಡಿತು.

ಇದೇ ತಾಲ್ಲೂಕಿನಲ್ಲಿ 1976ರಿಂದ ರೇಡಿಯೊ ವೀಕ್ಷಣಾಲಯವೂ ಇದೆ. ಅಲ್ಲಿನವರಿಗೆ ಕ್ಯೂ ಅಂದರೆ ಅಲೆಯ ರೇಖೀಯ ಧ್ರುವೀಕರಣವನ್ನು ಹೇಳುವ ಸ್ಟೋಕ್ಸ್ ರಾಶಿ. ಆದರೆ ಸೂರ್ಯನಿಂದ ಬರುವ ಕಡಿಮೆ ಆವರ್ತನದ ಅಲೆಗಳಲ್ಲಿ ಸೌರ ಕಿರೀಟವನ್ನು ದಾಟುವಷ್ಟರಲ್ಲೇ ಈ ಧ್ರುವೀಕರಣ ಕಲಸಿಹೋಗುತ್ತದೆ. ಹಾಗಾಗಿ ಇಲ್ಲಿನ ಸೌರ ವೀಕ್ಷಣೆಯಲ್ಲಿ ಅಳೆಯುವುದು ಒಟ್ಟು ತೀವ್ರತೆ ಮತ್ತು ವೃತ್ತೀಯ ಧ್ರುವೀಕರಣಗಳನ್ನು. ಕ್ಯೂವನ್ನು ಸೊನ್ನೆಯೆಂದೇ ಹಿಡಿಯುತ್ತಾರೆ. ಗೌರಿಬಿದನೂರಿನ ಹೆಸರಿರುವ ಸಂಶೋಧನಾ ಪ್ರಬಂಧದಲ್ಲಿ ಕ್ಯೂ ಕಂಡರೆ, ಅದು ನೆಲದ ಅಲೆಯದೋ ಆಕಾಶದ್ದೋ ಎಂದು ಮೊದಲು ನೋಡಿಕೊಳ್ಳಬೇಕು.